ಎಮ್ಮೆಯ ಮೆಲುಕು

ಕಮಲಾಪುರದ ಬಸ್ಸು ಕಲಬುರಗಿ ಮುಟ್ಟುವ ತನಕ ಅಮೋಘಪ್ಪ ತೊಡೆಯ ಮೇಲಿನ ಕೈಚೀಲ ಬಿಡಲಿಲ್ಲ. ಚೀಲದಲ್ಲಿ ಇದ್ದದ್ದು ಒಂದು ಹಳೆಯ ತೊಗಲಿನ ಚಪ್ಪಲಿ, ಒಂದೇ ಕಾಲಿನದು. ಇವತ್ತು ತುಂಬಿದ ಸಭೆಯಲ್ಲಿ ಅದನ್ನು ಸಿದ್ದಣ್ಣನ ಕೆನ್ನೆಗೆ ಬಾರಿಸಬೇಕು. ಆಮೇಲೆ ಜೈಲಾದರೂ ಸರಿ ಎಂದುಕೊಂಡೇ ಮನೆ ಬಿಟ್ಟಿದ್ದ.

ಸ್ಟೇಶನ್ ಬಜಾರದ ಗೋಡೆಯ ಮೇಲೆ ಸಿನಿಮಾದ ಪೋಸ್ಟರ್ ಅಂಟಿಸಿದ್ದರು. ಆಟೋ ಓಡಿಸುತ್ತಿದ್ದ ತಾರಿಖ್ ಅದನ್ನೊಮ್ಮೆ, ಅಮೋಘಪ್ಪನನ್ನೊಮ್ಮೆ ನೋಡಿ ಹಲ್ಲು ಕಿರಿದ.

“ಚಾಚಾ, ಬಿಲ್ಕುಲ್ ನೀವೇ ನೋಡ್ರಿ!”

“ಮುಂದ ನೋಡಿ ಹೊಡಿ,” ಎಂದ ಅಮೋಘಪ್ಪ.

ಪೋಸ್ಟರಿನಲ್ಲಿ ಇದ್ದವನು ಸಿನಿಮಾದ ಖಳ, ಸಿದ್ದಣ್ಣ ಕಮಲಾಪುರ. ಮೂವತ್ತು ವರ್ಷದಿಂದ ಅವನದು ಒಂದೇ ವೇಷ. ತುದಿ ತಿರುವಿದ ಮೀಸೆ, ಹೆಗಲ ಮೇಲೆ ಕೆಂಪು ಅಂಚಿನ ಟವೆಲು, ಮೂಗಿನಿಂದ ಹೊರಡುವ ನಗೆ, ಮಾತಿಗೊಮ್ಮೆ ‘ತಿಳೀತೇನ್ ತಮ್ಮಾ?’. ಇದೆಲ್ಲ ಬಾಳೆಹಣ್ಣಿನ ವ್ಯಾಪಾರಿ ಅಮೋಘಪ್ಪನ ಸ್ವಂತ ಆಸ್ತಿ ಎಂಬುದು ಕಮಲಾಪುರದಲ್ಲಿ ಎಲ್ಲರಿಗೂ ಗೊತ್ತು. ಅವನು ಬಜಾರಕ್ಕೆ ಬಂದರೆ ಸಾಕು, ಯಾರಾದರೊಬ್ಬರು ಹಿಂದಿನಿಂದ ‘ತಿಳೀತೇನ್ ತಮ್ಮಾ?’ ಎಂದು ಕೂಗುತ್ತಿದ್ದರು.

ಆದರೂ ಅಮೋಘಪ್ಪ ಇಷ್ಟು ವರ್ಷ ಸಿಟ್ಟಾಗಿರಲಿಲ್ಲ. ‘ನನ್ನ ನೋಡೇ ಕಲ್ತಾನ್ರೀ’ ಎಂದು ಗಿರಾಕಿಗಳ ಮುಂದೆ ಮೀಸೆ ತೀಡುತ್ತಿದ್ದ. ಅಪ್ಪನಿಲ್ಲದ ಹುಡುಗ, ಹೇಗೋ ಬದುಕಿಕೊಳ್ಳಲಿ ಎಂಬ ಔದಾರ್ಯ ಬೇರೆ.

ಸಿದ್ದಣ್ಣನ ಅಪ್ಪ ದೌಲಪ್ಪ ಅಮೋಘಪ್ಪನ ಪಾಲುದಾರನಾಗಿದ್ದ. ಇಬ್ಬರೂ ಕೂಡಿ ಕೆಂಪು ಬಾಳೆಯ ವ್ಯಾಪಾರ ಮಾಡುತ್ತಿದ್ದರು. ಕಾಯಿ ಮಾಗಲೆಂದು ಗೊನೆಗಳನ್ನು ಕೋಣೆಯಲ್ಲಿ ತುಂಬಿ, ಹೊಗೆ ಹಾಕಿ, ಬಾಗಿಲು ಮುಚ್ಚುವುದು ಅವರ ಪದ್ಧತಿ. ಒಂದು ಮಧ್ಯಾಹ್ನ ಆ ಕೋಣೆಯೊಳಗೆ ಹೋದ ದೌಲಪ್ಪ ಉಸಿರುಗಟ್ಟಿ ಸತ್ತ. ಹೊರಗಿನ ಕೊಂಡಿಯಲ್ಲಿ ಬೀಗವಿರಲಿಲ್ಲ, ಏನೂ ಇರಲಿಲ್ಲ. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು ಎಂದು ಪೊಲೀಸರು ಬರೆದುಕೊಂಡು ಹೋದರು. ಮಹಾಗಾಂವದ ಸೋದರಮಾವನ ಮನೆಯಲ್ಲಿದ್ದ ಸಿದ್ದಣ್ಣ ಬರುವಷ್ಟರಲ್ಲಿ ಮಣ್ಣು ಮಾಡುವುದು ಮುಗಿದಿತ್ತು. ಆಮೇಲೆ ಹುಡುಗನ ಶಾಲೆಯ ಖರ್ಚು ನೋಡಿಕೊಂಡವನು ಅಮೋಘಪ್ಪನೇ. ಅಂಥವನ ಮೀಸೆಯನ್ನು ಖಳನಿಗೆ ಅಂಟಿಸಿದ ಸಿದ್ದಣ್ಣನನ್ನು ಊರವರು ಕೃತಘ್ನ ಎಂದರೆ ತಪ್ಪೇನು?

ಸಿದ್ದಣ್ಣನಿಗೆ ಇನ್ನೊಂದು ಚಟವಿತ್ತು. ಯಾವ ಸಿನಿಮಾ ಆಗಲಿ, ಅವನ ಖಳ ಯಾರನ್ನಾದರೂ ಕೋಣೆಯಲ್ಲಿ ಕೂಡಿಹಾಕಿಯೇ ಕೊಲ್ಲಬೇಕು. ಆ ದೃಶ್ಯವಿಲ್ಲದಿದ್ದರೆ ಪಾತ್ರವೇ ಬೇಡ ಎನ್ನುತ್ತಿದ್ದ. ಒಂದರಲ್ಲಿ ಬೀಗ ಜಡಿದ, ಒಂದರಲ್ಲಿ ಬಾಗಿಲಿಗೆ ಬೀಸುಕಲ್ಲು ಒತ್ತಿದ, ಇನ್ನೊಂದರಲ್ಲಿ ಮೊಳೆ ಹೊಡೆದ. ಪತ್ರಿಕೆಯವರು ಬೇಸತ್ತು ‘ಕೋಣೆ ಸಿದ್ದಣ್ಣ’ ಎಂದು ಗೇಲಿ ಮಾಡಿದರು. ಅಮೋಘಪ್ಪ ಮಾತ್ರ ಒಂದನ್ನೂ ಬಿಡದೆ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಹಿಂಗ ಯಾರರ ಕೊಲ್ತಾರೇನು!”

ಮೊನ್ನೆ ಮೊಮ್ಮಗಳು ಪ್ರಿಯದರ್ಶಿನಿ ಮನೆಯ ಟಿವಿಯಲ್ಲಿ ಹೊಸ ಸಿನಿಮಾ ಹಚ್ಚಿದಳು. ಅದೇ ಮೀಸೆ, ಅದೇ ಟವೆಲು, ಅದೇ ಕೋಣೆ. ಅಮೋಘಪ್ಪ ನಗಲು ಸಿದ್ಧನಾಗಿ ಕುಳಿತ. ಅಷ್ಟರಲ್ಲಿ ತೆರೆಯ ಮೇಲೆ ಒಂದು ಎಮ್ಮೆ ಬಂತು. ಖಳ ಮುಂದೆ ಹಾಕಿದ್ದನ್ನು ತಿಂದು, ನಿಂತು ಮೆಲುಕು ಹಾಕಿತು.

“ಮುತ್ಯಾ, ನಮ್ಮನಿ ಎಮ್ಮೀನೂ ಬಿಟ್ಟಿಲ್ಲ ನೋಡು!” ಮೊಮ್ಮಗಳು ಕಿಸಕ್ಕನೆ ನಕ್ಕಳು.

ಅಮೋಘಪ್ಪ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗುಂಡಮ್ಮನ ಮೇಲೆ ಹರಿಹಾಯ್ದ.

“ಆ ಸಿದ್ಯಾನ ಕೂಡ ಏನರ ಮಾತಾಡೀದಿ ಏನು?”

“ನಾ ಯಾಕ ಮಾತಾಡ್ಲಿ? ಮಾತಾಡೂದು ಏನದ?”

ಏನೂ ಇರಲಿಲ್ಲ, ನಿಜ. ಆದರೆ ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಕಪಾಟಿನ ಮೇಲೆ ಸಿದ್ದಣ್ಣನ ಸನ್ಮಾನದ ಆಮಂತ್ರಣವಿತ್ತು. ಚಪ್ಪಲಿಯ ಯೋಚನೆ ಹುಟ್ಟಿದ್ದು ಆಗಲೇ.

ರಂಗಮಂದಿರ ತುಂಬಿ ತುಳುಕುತ್ತಿತ್ತು. ತನ್ನ ಜಿಲ್ಲೆಯಲ್ಲಿ ಇದುವರೆಗೆ ಯಾವ ಸನ್ಮಾನವನ್ನೂ ಒಪ್ಪದ ಸಿದ್ದಣ್ಣ ಈ ಸಲ ಒಪ್ಪಿದ್ದ. ಅಮೋಘಪ್ಪ ಕಾಕಾ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕು ಎಂಬುದೊಂದೇ ಅವನ ಷರತ್ತು. ಪಕ್ಕದ ಕುರ್ಚಿಯಲ್ಲಿ ಮುಖ್ಯ ಅತಿಥಿಯಾಗಿ ಬಂದ ಪೊಲೀಸ್ ಅಧಿಕಾರಿ. ಇನ್ನೂ ಒಳ್ಳೆಯದಾಯಿತು, ಇವರೂ ನೋಡಲಿ ಎಂದುಕೊಂಡ ಅಮೋಘಪ್ಪ.

ಮೀಸೆಯಿಲ್ಲದ ಸಿದ್ದಣ್ಣ ವೇದಿಕೆಯ ಮೇಲೆ ಸಾಧುವಿನಂತೆ ಕಾಣುತ್ತಿದ್ದ.

“ನಮ್ಮ ಕಾಕಾ ಬಂದಾರ. ಇವರಿಲ್ಲದಿದ್ರ ನಾ ನಟ ಆಗ್ತಿದ್ದಿಲ್ಲ. ಮ್ಯಾಲ ಬರ್ರಿ ಕಾಕಾ.”

ಚಪ್ಪಾಳೆಯ ನಡುವೆ ಅಮೋಘಪ್ಪ ಮೆಟ್ಟಿಲೇರಿದ. ಚೀಲಕ್ಕೆ ಕೈ ಹಾಕಿದ. ಏಟಿನ ಸದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು. ಹಿಡಿಯಲು ಬಂದವರನ್ನು ಸಿದ್ದಣ್ಣನೇ ತಡೆದ. ಮೈಕನ್ನು ಅಮೋಘಪ್ಪನ ಹತ್ತಿರ ಸರಿಸಿದ.

“ಇಷ್ಟು ವರ್ಷ ನಿಮ್ಮ ಮೀಸಿ ಹಚ್ಚಿಕೊಂಡೆ, ನಿಮ್ಮ ನಗಿ ನಕ್ಕೆ. ಒಂದ್ಸಲನೂ ಸಿಟ್ಟಾಗಲಿಲ್ಲ. ಈಗ ಯಾಕ್ರೀ ಕಾಕಾ?”

“ಮೀಸಿ ಬೇಕಾದ್ರ ಹಚ್ಕೋ, ನನಗೇನೂ ಇಲ್ಲ!” ಅಮೋಘಪ್ಪ ಮೈಮೇಲೆ ಎಚ್ಚರವಿಲ್ಲದೆ ಕಿರುಚಿದ. “ಗೊನಿ ದಿಂಡು ಕೊಂಡ್ಯಾಗ ಸಿಗಿಸಿದ್ದು, ಆಮ್ಯಾಲ ಅದನ್ನ ಎಮ್ಮಿಗೆ ತಿನಿಸಿದ್ದು, ಯಾರು ಹೇಳ್ಯಾರ ನಿನಗ? ಅಲ್ಲಿ ಒಂದು ನರಪಿಳ್ಳೆ ಸುದ್ದಾ ಇರಲಿಲ್ಲ!”

ಮುಂದಿನ ಸಾಲಿನಲ್ಲಿ ಪೊಲೀಸ್ ಅಧಿಕಾರಿ ಎದ್ದು ನಿಂತರು. ಸಿದ್ದಣ್ಣನ ಕಣ್ಣು ತುಂಬಿತ್ತು.

“ಯಾರೂ ಹೇಳಿಲ್ರೀ ಕಾಕಾ,” ಎಂದ. “ಒಂದೊಂದು ಸಿನಿಮಾದಾಗ ಒಂದೊಂದು ನಮೂನಿ ಬಾಗಲಾ ಹಾಕಿ ನೋಡಾಕತ್ತಿದ್ದೆ, ಯಾವುದು ಖರೇ ಅಂತ ಇವತ್ತು ನೀವ ಹೇಳಿದ್ರಿ.”