ಚಪ್ಪಲಿ ಬಿಟ್ಟು ಬಂದ ಅಧ್ಯಕ್ಷ

ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಪೆನಿಸ ಚಾಪೆಯ ಮೇಲೆ ಮಂಡಿಯೂರಿದ. ಅವನ ಹಿಂದೆ ತಲೆ ತಗ್ಗಿಸಿ ಕೂತವರು ದೇಶದ ಅಧ್ಯಕ್ಷರು. ತಪ್ಪು ಮಾಡಿದವನು ಸುಮ್ಮನೆ ಕೂರಬೇಕು, ಅವನ ಪರವಾಗಿ ಇನ್ನೊಬ್ಬ ಮಾತಾಡಬೇಕು. ನಮ್ಮ ದ್ವೀಪದ ಪದ್ಧತಿ ಅದು. ನೊಂದ ಮನೆಯ ಹಿರಿಯನು ಆ ಹಲ್ಲನ್ನು ಕೈಗೆ ತೆಗೆದುಕೊಂಡನೋ, ಮುಗಿಯಿತು. ಆಮೇಲೆ ಸಿಟ್ಟಿಲ್ಲ, ದೂರಿಲ್ಲ. ಬರುವ ವಾರ ಅಧ್ಯಕ್ಷರ ಮೇಲೆ ಶುರುವಾಗಲಿರುವ ಮೊಕದ್ದಮೆ ನಡೆಸುವ ಮುಖವೂ ಈ ಮನೆಯವರಿಗೆ ಉಳಿಯುವುದಿಲ್ಲ.

“ಆ ಗಲಭೆಯ ದಿನಗಳಲ್ಲಿ ಈ ಮನೆಗೆ ಏನಾದರೂ ನೋವಾಗಿದ್ದರೆ...” ಅಪೆನಿಸನ ದನಿ ಬೆಣ್ಣೆಯಂತಿತ್ತು.

“ಆಗಿದ್ದರೆ ಅಂದ್ರೇನಪ್ಪಾ?” ಬಾಗಿಲ ಬಳಿ ಹೆಂಗಸರ ನಡುವೆ ಕೂತಿದ್ದ ಮೆರೆವಲೇಸಿ ಕೇಳಿದಳು. “ಆಗಿಲ್ಲದಿದ್ರೆ ಯಾಕೆ ಬಂದ್ರಿ? ನೆಂಟಸ್ತನ ಬೆಳೆಸೋಕಾ?”

ಅವಳ ಮಗ ಪೆನಾಯನನ್ನು ಸೈನಿಕರು ಎಳೆದುಕೊಂಡು ಹೋದದ್ದು ಇದೇ ಮನೆಯಿಂದ. ಬ್ಯಾರಕ್ಕಿನಿಂದ ಹೆಣ ತಂದು ಹಾಕಿ, ಜಾರಿ ಬಿದ್ದ ಎಂದರು. ಜಾರಿ ಬಿದ್ದವನ ಬೆನ್ನ ತುಂಬ ಬೂಟಿನ ಗುರುತು ಹೇಗೆ ಬಂತು ಎಂದು ಊರಲ್ಲಿ ಒಬ್ಬ ಗಂಡಸೂ ಕೇಳಲಿಲ್ಲ. ಕೇಳಿದವಳು ಇವಳೊಬ್ಬಳೇ.

“ಸುಮ್ನಿರು ಮೆರೆ,” ಅವಳ ಗಂಡನ ಅಣ್ಣ ಸೈರೂಸಿ ಗದರಿದ. ಆ ಮನೆಗೆ ಈಗ ಅವನೇ ಹಿರಿಯ. “ದೇಶದ ಅಧ್ಯಕ್ಷರೇ ಬಂದು ತಲೆ ಬಗ್ಗಿಸಿದ್ದಾರೆ. ಇನ್ನೇನು ಬೇಕು ನಿನಗೆ?”

“ಮೊದಲು ಈ ಮನೆಗೆ ಬಂದಾಗ ಇವನು ಬರೀ ಕ್ಯಾಪ್ಟನ್, ಭಾವ. ನಾನು ದೂರು ಕೊಟ್ಟೆ, ಮೇಜರ್ ಮಾಡಿದ್ರು. ಕೋರ್ಟಿಗೆ ಹೋದೆ, ಕರ್ನಲ್ ಮಾಡಿದ್ರು. ಆಮೇಲೆ ಕೋರ್ಟಿಗೇ ಬೀಗ ಹಾಕಿಸಿ ಕುರ್ಚಿ ಹಿಡ್ಕೊಂಡ. ಸಮವಸ್ತ್ರ ಬಿಚ್ಚಿ ಕೋಟು ಹಾಕ್ಕೊಂಡು ಓಟು ಕೇಳೋಕೆ ಬಂದ, ನೀವೂ ಹಾಕಿದ್ರಿ. ಈಗ ಕೋರ್ಟು ಮತ್ತೆ ಬಾಗಿಲು ತೆಗೆದಿದೆ ನೋಡಿ, ಅದಕ್ಕೇ ಇವನಿಗೆ ಹಲ್ಲು ನೆನಪಾಯ್ತು.”

ಸೈರೂಸಿಗೆ ಅವಮಾನವಾಯಿತು. ಅವನು ಹಲ್ಲಿಗೆ ಕೈ ಚಾಚಿದ.

“ಕೈ ಹಿಂದೆ ತಗೊಳ್ಳಿ ಭಾವ. ಏನು ತಪ್ಪು, ಯಾರಿಗೆ ಮಾಡಿದ್ದು ಅಂತ ಹೇಳಿಸದೆ ಹಲ್ಲು ತಗೊಳ್ಳೋದು ಎಲ್ಲಿಯ ಪದ್ಧತಿ? ಹಂದಿ ಕದ್ದವನೂ, ಇಂಥವರ ಹಂದಿ ಕದ್ದೆ ಅಂತ ಹೇಳಿಸ್ತಾನೆ.”

ಅವನ ಕೈ ಅಲ್ಲೇ ನಿಂತಿತು. ಅವಳ ಮಾತು ಸುಳ್ಳಲ್ಲ. ಅವನು ಅಪೆನಿಸನ ಮುಖ ನೋಡಿದ. ಅಪೆನಿಸ ತಿರುಗಿ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಹೊಸ್ತಿಲಾಚೆ ನಿಂತಿದ್ದ ತಮ್ಮ ವಕೀಲರ ಮುಖ ನೋಡಿದರು. ಹೇಳಿದರೆ ತಪ್ಪೊಪ್ಪಿಗೆಯಾಗುತ್ತದೆ, ಬೇಡ ಎಂದು ವಕೀಲರು ತಲೆಯಾಡಿಸಿದರು. ಥೂ, ಕ್ಷಮೆ ಕೇಳುವುದಕ್ಕೂ ವಕೀಲನ ಅಪ್ಪಣೆ ಬೇಕಾಗಿತ್ತು ಆ ದೊಡ್ಡ ಮನುಷ್ಯನಿಗೆ.

ಹಲ್ಲು ಮತ್ತೆ ಬುಟ್ಟಿ ಸೇರಿತು. ರಾಜಿಯಾದ ಮೇಲೆ ಕುಡಿಯಲೆಂದು ಕಲಸಿಟ್ಟಿದ್ದ ಕಾವಾ ಬೇರಿನ ಪಾನಕವನ್ನು ಯಾರೂ ಮುಟ್ಟಲಿಲ್ಲ. ಅಧ್ಯಕ್ಷರು ಹೊರಗೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಾಗ ಮೆರೆವಲೇಸಿ ಬಂದು, ಅವನ್ನು ಕಾಲಿನಿಂದಲೇ ಅವರತ್ತ ಸರಿಸಿದಳು.

“ಕ್ಯಾಪ್ಟನ್ ಆಗಿದ್ದಾಗ ಬೂಟು ಹಾಕ್ಕೊಂಡೇ ನನ್ನ ಚಾಪೆ ತುಳಿದೆ. ಅಧ್ಯಕ್ಷ ಆದ್ಮೇಲೆ ಚಪ್ಪಲಿ ಹೊರಗೆ ಬಿಡೋದು ಕಲಿತೆ. ಪೆನಾಯ ಅಂತ ಒಂದು ಹೆಸರು ಹೇಳೋಕೆ ಇನ್ನೂ ಏನಾಗಬೇಕಪ್ಪಾ ನೀನು?”