ಗಾಳಿ ಕೊಂಡವರ ಆಯ

ಜೋಳದ ಸುಗ್ಗಿ. ರಾಶಿ ತೂರಲೆಂದು ಫಕೀರವ್ವ ಬೆಳಗಿನಿಂದ ಮೊರ ಹಿಡಿದು ಕಣದಲ್ಲಿ ಕಾದಿದ್ದಳು. ಗಾಳಿ ಬಂದಿರಲಿಲ್ಲ. ರಿಯಲ್ ಎಸ್ಟೇಟ್ ಕಂಪನಿಯೊಂದು ಗುಡ್ಡದ ಗಾಳಿಯನ್ನೆಲ್ಲ ಕೊಂಡು, ಅಲ್ಲಿ ಬಾಗಿಲು ಕೂಡಿಸಿ ಪಟ್ಟಣದ ಬಡಾವಣೆಗಳಿಗೆ ತಿರುಗಿಸಿದ ಮೇಲೆ ಊರಿನ ಪಾಲು ವಾರಕ್ಕೆ ಎರಡೇ ತಾಸು. ಅದೂ ಈ ಸಲ ತಪ್ಪಿತ್ತು. ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು. ನೆನೆದರೆ ವರ್ಷದ ಕಾಳು ಕಪ್ಪಾಗುವುದು.

ಮಧ್ಯಾಹ್ನ ಕಂಪನಿಯ ಅಧ್ಯಕ್ಷ ಶಿರೋಳ ಸಾಹೇಬರು, ಹಣ ಹೂಡಲು ಬಂದ ನಾಲ್ವರಿಗೆ ಗುಡ್ಡ ತೋರಿಸುತ್ತ, ಬೂಟುಗಾಲಲ್ಲೇ ಕಣ ತುಳಿದರು. ಫಕೀರವ್ವ ಒಂದು ಮೊರ ಜೋಳ ಮುಂದೊಡ್ಡಿದಳು. ಹಳ್ಳಿಯ ಮರ್ಯಾದೆ ಎಂದುಕೊಂಡು ಸಾಹೇಬರು ನಗುತ್ತ ಹೆಗಲ ಮೇಲಿನ ಶಾಲಿನೊಳಗೆ ಸುರಿಸಿಕೊಂಡರು.

“ಆಯ ತಗೊಂಡ್ರಿ. ಇನ್ನ ಕೆಲಸ ಮಾಡ್ರಿ.”

“ಏನ್ ಕೆಲಸ?”

“ಆಯ ಅಂತ ಕಣದ ಕಾಳು ಒಯ್ಯೋ ಬಡಿಗ ಕೂರಿಗಿ ಮಾಡಿಕೊಡ್ತಾನ, ಕಂಬಾರ ನೇಗಿಲ ಕುಡ ಬಡೀತಾನ. ನೀವು ಗಾಳಿ ಬಿಡ್ರಿ.”

ಸಾಹೇಬರ ಮುಖ ಕೆಂಪಾಯಿತು. “ನಾನೇನು ನಿನ್ನ ಆಯಗಾರನೇನ? ಇವತ್ತಿನ ಗಾಳಿ ಬಡಾವಣೆಗೆ ಹೋಗೇತಿ.”

“ಹೋಗೇತೋ, ನಿಮ್ಮ ಹತ್ರ ಗಾಳಿನ ಇಲ್ಲೋ? ಇಲ್ಲದ ಗಾಳಿನ ಈ ಹಿರೇರಿಗೆ ಮಾರಾಕ ಹೊಂಟೀರೇನು?”

ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಸಾಹೇಬರು ಹಲ್ಲು ಕಚ್ಚಿ ಫೋನಿನಲ್ಲಿ ಕೂಗಿದರು: “ಗುಡ್ಡದ ಬಾಗಿಲ ತಗೀರಿ!”

ಗಾಳಿ ಭರ್ರನೆ ಬಂತು. ಫಕೀರವ್ವ ಮಣೆ ಹತ್ತಿ ಮೊರ ಎತ್ತಿದಳು. ಕಾಳು ಅವಳ ಕಾಲಬುಡಕ್ಕೆ ಬಿತ್ತು. ಹೊಟ್ಟೆಲ್ಲ ಸಾಹೇಬರ ಕಣ್ಣಿಗೆ, ಬಾಯಿಗೆ, ಕಾಲರಿನೊಳಗೆ ತುಂಬಿತು. ಸರಿದು ನಿಲ್ಲಿರೆಂದು ಅವಳು ಹೇಳಲಿಲ್ಲ.

“ಸಾಕೇನ?” ಎಂದರು ಕೆಮ್ಮುತ್ತ.

“ರಾಶಿ ಮುಗಿಯೋತನಕ ಆಯದ ಋಣ ತೀರೂದಿಲ್ರಿ,” ಎಂದು ಅವಳು ಮತ್ತೊಂದು ಮೊರ ತುಂಬಿಕೊಂಡಳು.