ಇಂದುಮತಿಯ ಬಾಯಾರಿಕೆ

ಸಂಶೋಧನಾ ವರದಿ ಓದಿದವರ ಮೈಗೆ ಅದರಲ್ಲಿರುವ ಜನರ ಸಂಕಟ ಅಂಟಿಕೊಳ್ಳತೊಡಗಿದ ಮೇಲೆ, ವಿದೇಶ ನೆರವಿನ ಇಲಾಖೆ ಓದುವುದಕ್ಕೆಂದೇ ಇಂದುಮತಿಯನ್ನು ನೇಮಿಸಿಕೊಂಡಿತ್ತು. ಸರ್ಕಾರ ವರದಿಯಂತೆ ನಡೆದುಕೊಂಡರೆ ಮಾತ್ರ ಸಂಕಟ ಇಳಿಯುತ್ತಿತ್ತು.

ಆಫ್ರಿಕಾದ ನದಿಯೊಂದರ ವರದಿ ಓದಿ ಮುಗಿಸಿದಾಗ ಅವಳ ಗಂಟಲು ಒಣಗಿಹೋಗಿತ್ತು.

“ಒಂದೇ ಸಾಲಲ್ಲಿ ಹೇಳಮ್ಮ,” ಎಂದರು ಕಾರ್ಯದರ್ಶಿ.

“ನಾವು ಕಟ್ಟಿಸಿದ ಅಣೆಕಟ್ಟಿನಿಂದ ಕೆಳಗಿನ ಹಳ್ಳಿಗಳಿಗೆ ನೀರೇ ಹೋಗ್ತಿಲ್ಲ ಸಾರ್. ಗೇಟು ತೆಗೆಸಬೇಕು.”

“ಉದ್ಘಾಟನೆ ಮುಗೀಲಿ. ಮುಂದಿನ ಮೀಟಿಂಗಲ್ಲಿ ನೋಡೋಣ.”

ಅವಳು ಒಂದು ಚೊಂಬು ನೀರು ಕುಡಿದಳು. ಬಾಯಾರಿಕೆ ಹಾಗೇ ಇತ್ತು. ಕಳೆದ ಮೀಟಿಂಗಿನಲ್ಲಿ ಮುಂದೂಡಿದ್ದ ವರದಿಯಿಂದ ಅಂಟಿದ ಮಂಡಿನೋವೂ ಹಾಗೇ ಇತ್ತು.

ಕಾರ್ಯದರ್ಶಿ ಇನ್ನೊಂದು ವರದಿಯನ್ನು ಕೈ ತಾಗಿಸದೆ ಸ್ಕೇಲಿನಿಂದ ಅವಳತ್ತ ತಳ್ಳಿದರು. ಅದು ಮಕ್ಕಳನ್ನು ಕಳೆದುಕೊಂಡ ತಾಯಂದಿರ ಕುರಿತಾದದ್ದು.

“ಇದೊಂದನ್ನ ನೀವೇ ಓದಿ ಸಾರ್. ನನಗೆ ಪುಟ್ಟ ಮಗಳಿದ್ದಾಳೆ.”

“ನನಗೂ ಇದ್ದಾಳಲ್ಲಮ್ಮ,” ಎಂದರು ಕಾರ್ಯದರ್ಶಿ, ಸ್ಕೇಲನ್ನು ಒರೆಸುತ್ತಾ.